ಪುಲಿಕೊಂಡದ ಮುಡಿ

ಅಕ್ಟೋಬರ್ ೯, ೧೯೫೬

ಮಳೆ ಬಿಟ್ಟಿಲ್ಲ. ಒಣಗದ ಬಟ್ಟೆಗಳ ಮುಗ್ಗಲು ವಾಸನೆ, ಅದರ ಮೇಲೆ ನಮ್ಮವರ ನಶ್ಯದ ವಾಸನೆ, ಎರಡನ್ನೂ ಮೀರಿಸಿ ಆ ಮಗುವಿನ ತಲೆಯ ವಾಸನೆ. ಈ ಚಿಕ್ಕಬಳ್ಳಾಪುರದ ಮನೆಗೆ ಎರಡನೆಯ ಹೆಂಡತಿಯಾಗಿ ಬರುವಾಗ ಮೂಗನ್ನು ಗೌರಿಬಿದನೂರಿನಲ್ಲೇ ಬಿಟ್ಟು ಬಂದಿದ್ದರೆ ಒಳ್ಳೆಯದಿತ್ತು.

ಹೊರಡುವ ದಿನ ಅಪ್ಪ ಈ ದಿನಚರಿ ಪುಸ್ತಕವನ್ನು ಕೈಗಿತ್ತು, "ನಿನ್ನ ಬಾಯಿ ನಂಗೆ ಗೊತ್ತು ಕಣಮ್ಮ. ಬೈಯ್ಬೇಕು ಅನ್ನಿಸ್ದಾಗೆಲ್ಲ ಇದ್ರಲ್ಲಿ ಬರ್ಕೊ. ಅತ್ತೆ ಎದುರಿಗೆ ಬಾಯಿ ಬಿಡ್ಬೇಡ" ಎಂದಿದ್ದರು. ಮೇಷ್ಟ್ರ ಬುದ್ಧಿ. ಇಷ್ಟು ದಿನ ಹೇಗೋ ತಡೆದುಕೊಂಡೆ. ಇವತ್ತು ಆಗಲಿಲ್ಲ.

ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಅದು ಓಡಿಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಿತು. ಸೊಪ್ಪಿನ ಮೊರದೊಳಕ್ಕೆ ಒಂದು ಹೇನು ಉದುರಿ, ಮನೆಯ ಯಜಮಾನನ ಹಾಗೆ ನಿಧಾನವಾಗಿ ನಡೆದುಕೊಂಡು ಹೋಯಿತು. ಮೊರದ ಸಮೇತ ಸೊಪ್ಪನ್ನು ಹಿತ್ತಿಲಿಗೆ ಎಸೆದೆ. ಅತ್ತೆ ನೋಡಿದರು.

"ಹೇನು ಬಿದ್ರೆ ಏನಾಯ್ತೇ? ದೇವರ ಕೂದಲು ಅದು" ಎಂದರು.

ದೇವರ ಕೂದಲಿನ ಕಥೆ ಇಷ್ಟು. ನಮ್ಮವರ ಮೊದಲ ಹೆಂಡತಿ ಕಮಲಮ್ಮನಿಗೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಇದು ಹುಟ್ಟಿದಾಗ ಆಕೆ ಪುಲಿಕೊಂಡದ ನರಸಿಂಹಸ್ವಾಮಿಗೆ ಹರಕೆ ಹೊತ್ತಳು. ಅವನೇ ಈ ಮನೆಯ ಮನೆದೇವರು. ಅವನ ಬೆಟ್ಟದ ಮೇಲೆ ಮುಡಿ ಕೊಡುವ ತನಕ ಮಗುವಿನ ತಲೆಗೆ ಕತ್ತರಿ ಸೋಕಿಸುವುದಿಲ್ಲ, ಬಾಚಣಿಗೆ ಇಡುವುದಿಲ್ಲ, ಮೂರು ತುಂಬುವುದರೊಳಗೆ ಕರೆತರುತ್ತೇನೆ ಎಂದು. ಹರಕೆ ಹೊತ್ತವಳು ವರ್ಷದೊಳಗೆ ತಾನೇ ಹೋಗಿಬಿಟ್ಟಳು. ಮಗುವಿಗೆ ಚೆಂಚುಲಕ್ಷ್ಮಿ ಎಂದು ಸ್ವಾಮಿಯ ಹೆಂಡತಿಯ ಹೆಸರೇ ಇದೆ. ತಲೆ ಮಾತ್ರ ಚರಂಡಿ ಬಳಿದ ಪೊರಕೆಯ ಹಾಗಿದೆ. ಮಾರ್ಗಶಿರದಲ್ಲಿ ಅದಕ್ಕೆ ಮೂರು ತುಂಬುತ್ತದೆ. ಈ ಕಾರ್ತೀಕದಲ್ಲಿ ಬೆಟ್ಟಕ್ಕೆ ಹೋಗಿ ಮುಗಿಸಿಬಿಡುವುದೆಂದು ಮಾತಾಗಿದೆ. ಆ ಒಂದೇ ಆಸೆಯಲ್ಲಿ ನಾನು ಬದುಕಿದ್ದೇನೆ.

ಅಕ್ಟೋಬರ್ ೧೭

ಆಸೆಯ ಮೇಲೆ ನೀರು ಬಿತ್ತು. ಚಿಂತಾಮಣಿಯಿಂದ ಆಚೆ ಆಂಧ್ರದ ಗಡಿಯ ಕಡೆ ಕೆರೆಯೊಂದರ ಕಟ್ಟೆ ಒಡೆದು, ಪುಲಿಕೊಂಡಕ್ಕೆ ಹೋಗುವ ರಸ್ತೆ ಮೋರಿಯ ಸಮೇತ ಕೊಚ್ಚಿಹೋಗಿದೆಯಂತೆ. ಬಸ್ಸಿಲ್ಲ, ಗಾಡಿಯಿಲ್ಲ. ಬೆಟ್ಟದ ಮೆಟ್ಟಿಲುಗಳೂ ಕುಸಿದಿವೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು.

ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸುದ್ದಿ ಕೇಳಿ ಬೇಜಾರಾಗುವ ಬದಲು ಅವರ ಮುಖಕ್ಕೆ ಕಳೆ ಬಂತು. ಸಂಜೆ ಒಂದು ದೊಡ್ಡ ಕಂದು ಕಾಗದ ತಂದು ಗೋಡೆಗೆ ಮೊಳೆ ಹೊಡೆದರು. ಅದರ ಮೇಲೆ ಪುಲಿಕೊಂಡ ಬೆಟ್ಟ, ಕೆರೆ, ಹಳ್ಳ, ಊರುಗಳು. ಕೆಂಪು ಪೆನ್ಸಿಲ್ ಎಂದರೆ ಕೊಚ್ಚಿಹೋದದ್ದು, ನೀಲಿ ಎಂದರೆ ನೀರು ನಿಂತದ್ದು, ಕಪ್ಪು ಎಂದರೆ ಹೋಗಬಹುದಾದದ್ದು. ಕೆಂಪು ಆಗಲೇ ಸವೆದು ಮೋಟಾಗಿದೆ. ಕಪ್ಪಿನ ಮೊನೆ ಅಂಗಡಿಯಿಂದ ತಂದ ಹಾಗೇ ಇದೆ.

"ಮೂರು ದಾರಿ ಇದೆ ಅಲಮೇಲು" ಎಂದರು. "ಒಂದು, ರಸ್ತೆ. ಅದು ಹೋಯ್ತು. ಎರಡು, ಬಡಗಲ ಕಡೆಯಿಂದ ಗಾಡಿ ದಾರಿ. ಅದರಲ್ಲಿ ಹಳ್ಳ ಅಡ್ಡ ಬರುತ್ತೆ. ಮೂರು, ಕೆರೆ ಏರಿ ಮೇಲಿನ ಕಾಲುದಾರಿ. ಏರಿ ಎಷ್ಟು ಉಳಿದಿದೆ ಅಂತ ವಿಚಾರಿಸ್ಬೇಕು."

ವಿಚಾರಿಸಲಿ. ಮಗು ನಕ್ಷೆಯ ಕೆಳಗೆ ಕೂತು ಎರಡು ಕೈಯಲ್ಲೂ ತಲೆ ಕೆರೆದುಕೊಳ್ಳುತ್ತಿತ್ತು. ಉಗುರಿನಲ್ಲಿ ರಕ್ತ. ನೋಡಲಾರದೆ ಎದ್ದು ಬಂದೆ.

ಅಕ್ಟೋಬರ್ ೨೬

ಆ ಮಗುವಿಗೆ ಅಜ್ಜಿ, ಅಪ್ಪ ಇಬ್ಬರೂ ಇರುವ ಮನೆಯಲ್ಲಿ ಮಲಗಲು ನನ್ನ ಹಾಸಿಗೆಯೇ ಬೇಕು. ದಿಂಬಿನ ಮೇಲೆ ಕೀವಿನ ಕಲೆ. ಗೋಡೆಯ ಕಡೆಗೆ ತಿರುಗಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಮಲಗುತ್ತೇನೆ. ಅದು ಹಿಂದಿನಿಂದ ನನ್ನ ಬೆನ್ನಿಗೆ ತಲೆಯೊತ್ತಿ, "ಅಲಮೇಲೂ, ತಲೆ" ಎನ್ನುತ್ತದೆ. ಅತ್ತೆ ನನ್ನನ್ನು ಕೂಗುವುದನ್ನು ಕೇಳಿ ಕಲಿತದ್ದು. "ಚಿಕ್ಕಮ್ಮ ಅನ್ನು" ಎಂದು ಎಷ್ಟು ಸಲ ಹೇಳಿಕೊಟ್ಟೆನೋ. ಅಂಗೈ ಉದ್ದ ಇಲ್ಲ, ಹೆಸರು ಹಿಡಿದು ಕೂಗುತ್ತದೆ.

ಬೇವಿನೆಣ್ಣೆ ಹಚ್ಚಿದೆ. ಬೇವು, ಕೀವು ಎರಡೂ ಸೇರಿ ಇನ್ನೂ ಹೊಸ ವಾಸನೆ. ಅತ್ತೆ ಅದಕ್ಕೂ ಬೈದರು: ಉಜ್ಜಿದರೆ ಕೂದಲು ಉದುರುತ್ತದೆ, ಉದುರಿದ್ದು ದೇವರ ಸೊತ್ತು. ನೆಲದಲ್ಲಿ ಬಿದ್ದ ಎಳೆಗಳನ್ನು ಆಯ್ದು ಡಬ್ಬಿಗೆ ಹಾಕಿಟ್ಟರು.

ನವೆಂಬರ್ ೪

ದೀಪಾವಳಿ ಮುಗಿಯಿತು. ಊರಿನ ಮಕ್ಕಳೆಲ್ಲ ಎಣ್ಣೆನೀರು ಹಾಕಿಸಿಕೊಂಡು ಹೊಳೆಯುತ್ತಾ ಪಟಾಕಿ ಹೊಡೆದವು. ನಮ್ಮ ಮನೆಯದಕ್ಕೆ ಕುತ್ತಿಗೆಯ ಕೆಳಗೆ ಮಾತ್ರ ನೀರು.

ಶಿಡ್ಲಘಟ್ಟದಿಂದ ಮಗುವಿನ ಸೋದರಮಾವ ಯೋಗನರಸಿಂಹ ಬಂದಿದ್ದರು. ಕಮಲಮ್ಮನ ತಮ್ಮ. ರೇಷ್ಮೆ ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮುಡಿ ಕೊಡುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಹಾಕಬೇಕಾದವರು ಸೋದರಮಾವನೇ, ಆಮೇಲೆ ಕ್ಷೌರಿಕ. ಆ ಹಕ್ಕಿನ ಗರ್ವ ಆತನ ನಡಿಗೆಯಲ್ಲೇ ಇದೆ. ಕಾಲಲ್ಲಿ ಹೊಸ ಬೂಟು, ಮೈಯಲ್ಲಿ ಅತ್ತರು. ಕತ್ತರಿಯೂ ಹೊಸದು, ಮಖಮಲ್ಲಿನ ಚೀಲದಲ್ಲಿ. ಎಲ್ಲರಿಗೂ ತೋರಿಸಿ ಅತ್ತೆಯ ಕೈಗೆ ಕೊಟ್ಟರು.

ನಕ್ಷೆ ನೋಡಿ ನಕ್ಕರು. "ಏನ್ ಭಾವ ಇದು? ಆ ದಾರೀಲೇ ಹುಟ್ಟಿ ಬೆಳೆದವನು ನಾನು. ಗಾಡಿ ದಾರೀಲಿ ಹೋಗಣ. ಹಳ್ಳ ಏನ್ ಮಹಾ, ಪಂಚೆ ಎತ್ತಿ ಕಟ್ಟಿದ್ರೆ ಆಯ್ತು."

"ಎತ್ತು ಹೂತ್ಕೊಂಡ್ರೆ ಯಾರಪ್ಪ ಎಳೆಯೋರು?" ನಮ್ಮವರು.

"ಏರಿ ಮೇಲೆ ಹೋಗಿ ಕುಸಿದ್ರೆ ಯಾರು ಎಳೆಯೋರು?"

ಮಧ್ಯಾಹ್ನವೆಲ್ಲ ಇದೇ. ಹೋಳಿಗೆ ತಿಂದರು, ನಕ್ಷೆಯ ಮೇಲೆ ಬೆರಳಿಟ್ಟು ತುಪ್ಪದ ಗುರುತು ಮಾಡಿದರು, ಬೆಟ್ಟದ ಹಿಂಬದಿಯ ಮೇಕೆದಾರಿಯ ವಿಷಯದಲ್ಲಿ ಕೂಗಾಡಿದರು. ಮಗು "ಮಾವಾ" ಎಂದು ಹತ್ತಿರ ಹೋಯಿತು. ಆತ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದು, "ಆಮೇಲೆ ಪುಟ್ಟಮ್ಮ, ಆಮೇಲೆ" ಎಂದು ಬೂಟಿನ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ನನ್ನ ಮೈ ಉರಿದುಹೋಯಿತು. ಸ್ವಂತ ಅಕ್ಕನ ಮಗು, ಎರಡು ಕೈಯೆತ್ತಿಕೊಂಡು ನಿಂತಿದೆ. ಮೂಗು ಮುಚ್ಚಿಕೊಳ್ಳುತ್ತಾನಂತೆ, ಅತ್ತರಿನ ಮೂಗು! ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಒಂದು ಹೋಳಿಗೆ ಪೂರ್ತಿ ತಿಂದಿತು.

ನವೆಂಬರ್ ೧೨

ಕಾರ್ತೀಕದ ಒಳ್ಳೆಯ ದಿನಗಳು ಒಂದೊಂದಾಗಿ ಕಳೆಯುತ್ತಿವೆ. ನಿಗದಿಯಾಗಿದ್ದ ಸೋಮವಾರವೂ ಹೋಯಿತು. ಚಿಂತಾಮಣಿಯಿಂದ ಬಂದ ಯಾರೋ ಏರಿಯ ಮೇಲೆ ಹೋಗಬಹುದು ಎಂದರಂತೆ, ಇನ್ನು ಯಾರೋ ಅದೇ ಏರಿಯಲ್ಲಿ ಹಸುವೊಂದು ಜಾರಿ ಬಿತ್ತು ಎಂದರಂತೆ. ನಕ್ಷೆಗೆ ಇನ್ನೆರಡು ಕಾಗದ ಅಂಟಿಸಿದ್ದಾರೆ, ಈಗ ಅದು ಬಾಗಿಲ ಮೇಲಕ್ಕೂ ಬಂದಿದೆ. ಕಚೇರಿಯಿಂದ ಗೆಳೆಯರು ಬಂದು ನೋಡಿ ಹೊಗಳಿ ಹೋಗುತ್ತಾರೆ. ಬಂದವರಿಗೆಲ್ಲ ಕಾಫಿ ಕೊಡುವವಳು ನಾನು. ಒಬ್ಬರಾದರೂ ಕೆಳಗೆ ಕೂತ ಮಗುವನ್ನು ನೋಡಬೇಕಲ್ಲ?

ಅತ್ತೆ ಇವತ್ತು ಸ್ನಾನ ಮಾಡಿ, ಅರಿಸಿನದ ಬಟ್ಟೆಯಲ್ಲಿ ಒಂದು ಬೆಳ್ಳಿ ರೂಪಾಯಿ ಕಟ್ಟಿ ದೇವರ ಗೂಡಿನಲ್ಲಿಟ್ಟರು. ಮುಡಿಪು. ದಾರಿಯಾಗುವ ತನಕ ತಾಳಿಕೋ ಸ್ವಾಮಿ ಎಂದು ಅವನಿಗೆ ಕೊಡುವ ಮುಂಗಡ. ದೇವರು ತಾಳುತ್ತಾನೆ, ಅವನಿಗೇನು. ಅವನ ತಲೆಯಲ್ಲಿ ಕುರು ಎದ್ದಿದೆಯೇ?

ನವೆಂಬರ್ ೧೯

ಚೆಂಚುವಿನ ಕಿವಿಯ ಹಿಂದೆ ಗಡ್ಡೆ ಕಟ್ಟಿದೆ. ಮೈ ಬೆಚ್ಚಗಿತ್ತು. ಯಾರಿಗೂ ಹೇಳದೆ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು ದೂರ ಸರಿದಳು. ತಿರುಗಿ ನೋಡಿದೆ, ಇನ್ನೂ ದೂರ ಸರಿದಳು.

ಡಾಕ್ಟರು ಜಟೆಯನ್ನು ಒಂದು ಕಡ್ಡಿಯಿಂದ ಎತ್ತಿ ನೋಡಿ, ನನ್ನ ಮುಖ ನೋಡಿ, "ಮೊದಲು ಇದನ್ನ ಬೋಳಿಸ್ಕೊಂಡು ಬನ್ನಿ, ಆಮೇಲೆ ಔಷಧಿ. ಕೀವು ಒಳಗಡೆ ಇಳಿದ್ರೆ ನಮ್ಮ ಕೈಯಲ್ಲಿಲ್ಲಮ್ಮ" ಎಂದರು. "ತಾಯಿಯಾಗಿ ಇಷ್ಟು ದಿನ ಏನ್ ಮಾಡ್ತಿದ್ರಿ?"

ನಾನು ತಾಯಿಯಲ್ಲ ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಬೈಸಿಕೊಂಡೆ.

ಮನೆಗೆ ಬಂದು ಹೇಳಿದೆ. ಅತ್ತೆ ಮಡಿಕೋಲನ್ನು ನೆಲಕ್ಕೆ ಎಸೆದರು. "ಡಾಕ್ಟರಿಗೆ ಮನೆದೇವರು ಇಲ್ವೇನೆ? ಎರಡು ಮಕ್ಕಳನ್ನ ಕಿತ್ಕೊಂಡ ದೇವರು ಕಣೇ ಅವನು. ಈ ಜ್ವರಾನೂ ಅವನ್ದೇ, ಹೋಗೋಕೆ ತಡ ಆಯ್ತಲ್ಲ ಅದಕ್ಕೆ. ಬೆಟ್ಟದ ಕೆಳಗೆ ಕೂದ್ಲು ಬಿದ್ರೆ ಈ ಮಗೂನೂ ಬಿಡಲ್ಲ."

ಹಾಗೆ ಹೇಳುತ್ತಾ ಮಗುವನ್ನು ತಮ್ಮ ಸೆರಗಿನೊಳಗೆ ಎಳೆದುಕೊಂಡರು. ಈ ಮುದುಕಿ ಹಟಕ್ಕೆ ಹೇಳುತ್ತಿಲ್ಲ, ಹೆದರಿದ್ದಾರೆ. ಅದೇ ಇನ್ನೂ ಕಷ್ಟ.

ಕತ್ತರಿ ಗೂಡಿನಲ್ಲೇ ಇದೆ. ಒಂದು ಗಳಿಗೆಯ ಕೆಲಸ. ಆದರೆ ನಾಳೆ ಏನಾದರೂ ಆದರೆ ಊರು ಒಂದೇ ಮಾತು ಹೇಳುತ್ತದೆ: ಮಲತಾಯಿ ಕತ್ತರಿ ಹಾಕಿದಳು, ಮಗು ಹೋಯಿತು. ಅಪ್ಪನ ಮನೆಗೂ ಆ ಮಾತು ಹೋಗುತ್ತದೆ. ನನಗೆ ಹೆದರಿಕೆ. ಇದನ್ನು ಇಲ್ಲಲ್ಲದೆ ಎಲ್ಲಿ ಬರೆಯಲಿ? ನನ್ನ ಹೆದರಿಕೆಯನ್ನು ನೋಡಿದರೆ ನನಗೇ ಹೇಸಿಗೆ.

ನವೆಂಬರ್ ೨೪

ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಕೊನೆಗೆ ನಾನೇ ನಕ್ಷೆಯ ಮುಂದೆ ನಿಂತು, "ಇದನ್ನ ಗೋಡೆಯಿಂದ ಕಿತ್ತು ಕೈಗೆ ತಗೊಳ್ಳಿ. ನಾಡಿದ್ದು ಹೊರಡಣ. ಯಾವ ದಾರಿ ಆದ್ರೂ ಸರಿ" ಎಂದೆ.

"ಮೂರನೇ ದಾರಿ ಇನ್ನೂ ಖಚಿತ ಆಗಿಲ್ಲ ಅಲಮೇಲು."

"ಮಗೂ ಗತಿ ಖಚಿತ ಆಗೋಕೆ ಮುಂಚೆ ಹೊರಡಣ ರೀ."

ಅವರು ಮೊದಲ ಸಲ ಪೆನ್ಸಿಲ್ಲನ್ನು ಕೆಳಗಿಟ್ಟರು.

ನವೆಂಬರ್ ೨೭

ಮನೆಗೆ ಬಂದಿದ್ದೇವೆ. ಎಲ್ಲವನ್ನೂ ಬರೆಯುತ್ತೇನೆ. ನಾಳೆ ಯಾರಾದರೂ ಬೇರೆ ರೀತಿ ಹೇಳಿದರೆ ನನ್ನ ಮಟ್ಟಿಗಾದರೂ ನಿಜ ನೆನಪಿರಲಿ.

ನಿನ್ನೆ ಬೆಳಗಿನ ಬಸ್ಸಿಗೆ ಹೊರಟೆವು. ಶಿಡ್ಲಘಟ್ಟದಲ್ಲಿ ಯೋಗನರಸಿಂಹ ಹತ್ತಿದರು, ಅದೇ ಬೂಟು. ಬಸ್ಸಿನ ತುಂಬ ರೇಷ್ಮೆಗೂಡಿನ ಮೂಟೆ, ಸತ್ತ ಹುಳುವಿನ ನಾತ. ಆ ನಾತದಲ್ಲೂ ಚೆಂಚುವಿನ ತಲೆಗೆ ಜನ ಮುಖ ತಿರುಗಿಸಿದರು. ಒಬ್ಬ ಮುದುಕ ಬಾಯಿಬಿಟ್ಟೇ ಹೇಳಿದ. ನಾನೂ ಬಾಯಿಬಿಟ್ಟೇ ಉತ್ತರ ಕೊಟ್ಟೆ. ಅಪ್ಪ ಕೇಳಿದ್ದರೆ ಇನ್ನೊಂದು ದಿನಚರಿ ಪುಸ್ತಕ ತಂದುಕೊಡುತ್ತಿದ್ದರು.

ಚಿಂತಾಮಣಿಯಲ್ಲಿ ಮುನಿಶಾಮಪ್ಪ ಎಂಬವರ ಎತ್ತಿನ ಗಾಡಿ ಮಾಡಿಕೊಂಡೆವು. ಗಾಡಿಯಲ್ಲೂ ನಕ್ಷೆ ಬಿಚ್ಚಿ ಭಾವ, ಭಾವಮೈದ ಎರಡನೆಯ ದಾರಿ, ಮೂರನೆಯ ದಾರಿ ಎಂದು ಶುರು ಮಾಡಿದರು. ಮುನಿಶಾಮಪ್ಪ ಬೀಡಿ ಕಚ್ಚಿಕೊಂಡು, "ಎಲ್ಲಾ ದಾರೀನೂ ಅಲ್ಲಿಗೇ ಹೋಗಿ ನಿಲ್ತದೆ ಸಾಮಿ, ನೋಡ್ಕಳ್ರಿ" ಎಂದರು.

ನಿಂತಿತು. ರಸ್ತೆ ನೆಟ್ಟಗೆ ಹೋಗಿ, ರೊಟ್ಟಿ ಮುರಿದ ಹಾಗೆ ಮುರಿದಿತ್ತು. ಕೆಳಗೆ ಎರಡಾಳುದ್ದದ ಕೊರಕಲು, ತಳದಲ್ಲಿ ಕೆಂಪು ನೀರು. ಏರಿಯ ಮೇಲಿನ ಕಾಲುದಾರಿಯೂ ಇಲ್ಲ, ಏರಿಯೇ ಇಲ್ಲ. ತಿಂಗಳಿಡೀ ಗೋಡೆಯ ಮೇಲೆ ಬರೆದ ಮೂರನೆಯ ದಾರಿ ಗಾಳಿಯಲ್ಲಿತ್ತು. ಆಚೆ ದಡದ ಹಿಂದೆ ಪುಲಿಕೊಂಡ ಕಾಣುತ್ತಿತ್ತು.

"ನಿನ್ನೆ ತನಕ ನೀರು ಮೊಣಕಾಲುದ್ದ ಇತ್ತು" ಎಂದರು ಮುನಿಶಾಮಪ್ಪ. "ರಾತ್ರಿ ಮ್ಯಾಲ್ಗಡೆ ಮಳೆ ಬಿದ್ದೈತೆ. ಈಗ ಸೊಂಟಕ್ಕೆ ಬಂದಾದು."

ಚೆಂಚುವಿನ ಮೈ ಕಾದ ಹೆಂಚಿನ ಹಾಗಿತ್ತು. ನಮ್ಮವರು ಗಾಡಿಯ ಹಿಂದೆ ನಿಂತು ಮುನಿಶಾಮಪ್ಪನವರ ಜೊತೆ ಬಡಗಲ ದಾರಿಗೆ ಎಷ್ಟು ಸುತ್ತು ಎಂದು ಮಾತಾಡುತ್ತಿದ್ದರು. ಯೋಗನರಸಿಂಹ ಬೂಟಿನ ದಾರವನ್ನು ಒಮ್ಮೆ ಬಿಚ್ಚುವುದು, ಮತ್ತೆ ಕಟ್ಟುವುದು. ಅತ್ತೆ ಗಾಡಿಯಲ್ಲಿ ಕೂತು ಕೈಮುಗಿಯುತ್ತಿದ್ದರು. ನನಗೆ ಸಾಕಾಗಿಹೋಯಿತು. ಪೂಜೆಯ ಚೀಲವನ್ನು ಕುತ್ತಿಗೆಗೆ ಹಾಕಿಕೊಂಡೆ, ಮಗುವನ್ನು ಹೆಗಲಿಗೆ ಏರಿಸಿದೆ, ಕೊರಕಲಿಗೆ ಇಳಿದೆ. ಇಳಿದ ಮೇಲೆ ಎಲ್ಲರೂ ಹಿಂದೆ ಬರುತ್ತಾರೆ ಎಂದುಕೊಂಡಿದ್ದೆ.

ನೀರು ತಣ್ಣಗಿತ್ತು. ಕಾಲ ಕೆಳಗೆ ಮಣ್ಣು ಜಾರುತ್ತಿತ್ತು, ಏನೋ ಸತ್ತದ್ದು ತೊಡೆಗೆ ತಾಗಿ ಹೋಯಿತು. ಚೆಂಚು ನನ್ನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ತಲೆ ನನ್ನ ಕೆನ್ನೆಗೆ ಒತ್ತಿಕೊಂಡಿತ್ತು, ಕೀವು ಕತ್ತಿನೊಳಕ್ಕೆ ಇಳಿಯುತ್ತಿತ್ತು. ಆಚೆ ದಡ ಹತ್ತಿ ತಿರುಗಿ ನೋಡಿದೆ. ನಮ್ಮವರು ಕೊರಕಲಿನ ಅರ್ಧದಲ್ಲಿ ಜಾರಿ ಕೆಸರಿನಲ್ಲಿ ಕೂತಿದ್ದರು, ನಕ್ಷೆ ನೀರಿನಲ್ಲಿ ಹೋಗುತ್ತಿತ್ತು. ಸೋದರಮಾವ ಬೂಟನ್ನು ಕೈಯಲ್ಲಿ ಹಿಡಿದು ದಡದ ಮೇಲೇ ನಿಂತಿದ್ದರು.

ಆ ಹೊತ್ತಿಗೆ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ಓಬಳಮ್ಮ, ಪುಲಿಕೊಂಡದವಳೇ.

"ಯಾಡಿಕಿ ಪೋತಾವು ತಲ್ಲೀ? ಎಲ್ಲಿಗಮ್ಮಾ, ಬೆಟ್ಟಕ್ಕಾ? ಮೆಟ್ಲೇ ಇಲ್ಲಮ್ಮ. ದಸರಾಕ್ಕೆ ಮುಂಚೇನೇ ಬಂಡೆ ಸಮೇತ ಜಾರ್ಕೊಂಡು ಬಂತು. ಮೇಕೆದಾರೀನೂ ಮುಚ್ಚೋಯ್ತು."

"ಹಾಗಾದ್ರೆ ಪೂಜೆ?"

"ಪೂಜಾರಪ್ಪ ಕೆಳಗಡೆ ನಿಂತ್ಕಂಡು ಮಂಗಳಾರತಿ ಎತ್ತಿ ತೋರಿಸ್ತಾನೆ. ಸಾಮಿ ಮೇಲಿಂದಾನೇ ನೋಡ್ಕಂತಾನೆ." ಆಮೇಲೆ ಮಗುವನ್ನು ನೋಡಿ, "ಅಯ್ಯೋ ಪಾಪ, ಜ್ವರ ಸುಡ್ತಾ ಐತಲ್ಲಮ್ಮ" ಎಂದು ಹೇಳಿ ಹೋದಳು.

ತಲೆಯೆತ್ತಿ ನೋಡಿದೆ. ಬೆಟ್ಟದ ಮುಂಭಾಗದಲ್ಲಿ ಮೆಟ್ಟಿಲಿದ್ದ ಕಡೆ ಉದ್ದಕ್ಕೆ ಹಸಿ ಮಣ್ಣಿನ ಗಾಯ. ನನಗೆ ಮೊದಲು ಬಂದದ್ದು ಸಿಟ್ಟು. ಪೂಜಾರಿ ಕೆಳಗಿನಿಂದ ತೋರಿಸಿದ ಆರತಿ ಇವನಿಗೆ ಮುಟ್ಟುತ್ತದಂತೆ. ಈ ಕೂಸು ಮಾತ್ರ ಮೇಲಕ್ಕೇ ಬರಬೇಕೇ? ತಾಳಿಕೋ ಎಂದು ಒಂದು ರೂಪಾಯಿ ಕೊಟ್ಟಿದ್ದಾರೆ. ತಾಳುವುದಾದರೆ ಅವನು ತಾಳಲಿ.

ಹೊಂಗೆಮರದ ಕೆಳಗೆ ಬೆಟ್ಟಕ್ಕೆ ಮುಖ ಮಾಡಿ ಕೂತೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪೂಜೆಯ ಚೀಲದಿಂದ ಆ ಹೊಸ ಕತ್ತರಿ ತೆಗೆದೆ. ಅವರಿದ್ದ ದಡದಲ್ಲಿ ಆಗಲೇ ಗೊತ್ತಾಯಿತು.

"ಏಯ್, ಏನಮ್ಮಾ ಮಾಡ್ತಿದ್ದೀಯ?" ಯೋಗನರಸಿಂಹ ಕಿರುಚಿದರು. "ಸೋದರಮಾವ ನಾನಿಲ್ಲಿದ್ದೀನಿ! ಮೊದಲ್ನೇ ಕತ್ತರಿ ನಂದು!"

"ಬನ್ನಿ ಹಾಗಾದ್ರೆ. ಕಾಯ್ತೀನಿ" ಎಂದು ಕೂಗಿದೆ.

ನಿಜವಾಗಿಯೂ ಕಾದೆ. ಆತ ನೀರನ್ನು ನೋಡಿದರು, ಕೈಯಲ್ಲಿದ್ದ ಬೂಟನ್ನು ನೋಡಿದರು, ನಮ್ಮವರನ್ನು ನೋಡಿದರು. ಬರಲಿಲ್ಲ.

ಆಗ ಅತ್ತೆಯ ದನಿ ಕೇಳಿತು. ಗಾಡಿಯಿಂದ ಇಳಿದು ಕೊರಕಲಿನ ಅಂಚಿಗೆ ಬಂದಿದ್ದರು. "ಅಲಮೇಲೂ, ಬೇಡ ಕಣೇ! ಹೆತ್ತವಳಾಗಿದ್ರೆ ನಿಂಗೆ ಕೈ ಬರ್ತಿತ್ತಾ?"

ಕತ್ತರಿಯನ್ನು ಒಮ್ಮೆ ಕೆಳಗಿಟ್ಟೆ. ಅದನ್ನು ಸುಳ್ಳು ಬರೆಯುವುದಿಲ್ಲ. ಆದರೆ ಚೆಂಚು ಕಣ್ಣುಬಿಟ್ಟು ನನ್ನನ್ನೇ ನೋಡುತ್ತಾ, "ಅಲಮೇಲೂ, ತಲೆ" ಎಂದಳು. ಕತ್ತರಿಸಿದೆ.

ಕೂದಲಲ್ಲ ಅದು, ಹೆಣೆದ ಚಾಪೆ. ಕತ್ತರಿ ನುಗ್ಗುತ್ತಿರಲಿಲ್ಲ. ಒಂದು ಕಡೆ ಎತ್ತಿದರೆ ಕೆಳಗೆ ಚರ್ಮವೇ ಇಲ್ಲ, ಕುರುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಹೇನುಗಳು ನನ್ನ ಮೊಣಕೈ ತನಕ ಹತ್ತಿದವು. ಕಿವಿಯ ಹಿಂದೆ, ಹೇನಲ್ಲದ ಬಿಳಿಯ ಹುಳುಗಳೂ ಇದ್ದವು. ಒಂದೊಂದನ್ನೇ ಬೆರಳಿನಿಂದ ತೆಗೆದೆ. ಸೊಪ್ಪಿನ ಮೊರ ಎಸೆದವಳು ನಾನೇ. ಹೇಸಿಗೆ ಆಗಲಿಲ್ಲವೆಂದಲ್ಲ, ಪುರುಸೊತ್ತು ಇರಲಿಲ್ಲ.

ಒಂದೆಳೆಯನ್ನೂ ಕೆಳಗೆ ಬೀಳಿಸಲಿಲ್ಲ. ಎಲ್ಲವನ್ನೂ ಮಡಿಲಲ್ಲಿ ಹಿಡಿದು ಸೆರಗಿನ ತುದಿಯಲ್ಲಿ ಗಂಟು ಹಾಕಿದೆ. ಬೆಟ್ಟದ ಕಡೆ ನೋಡಿ, "ನಿಂದು ನಿನಗೆ ತಂದುಕೊಡ್ತೀನಿ. ಇದು ನಂದು, ಮುಟ್ಟಬೇಡ" ಎಂದೆ. ಮತ್ತೆ ನೀರಿಗೆ ಇಳಿದೆ.

ವಾಪಸು ಬರುವಾಗ ಗಾಡಿಯಲ್ಲಿ ಅತ್ತೆ ನನ್ನ ಸೆರಗಿನ ಗಂಟನ್ನು ನೋಡುತ್ತಿದ್ದರು, ಮುಟ್ಟಲಿಲ್ಲ. ಆಸ್ಪತ್ರೆಗೆ ಹೋಗಿ ಉಳಿದ ಮೋಟನ್ನು ಬೋಳಿಸಿ ಔಷಧಿ ಹಾಕಿಸಿಕೊಂಡು ಬಂದೆ.

ನವೆಂಬರ್ ೨೯

ಜ್ವರ.

ಡಿಸೆಂಬರ್ ೧

ಜ್ವರ ಹೆಚ್ಚಿದೆ. ಅತ್ತೆ ನನ್ನ ಕೈಯಡುಗೆ ಊಟ ಮಾಡುತ್ತಿಲ್ಲ. "ಏನಾದ್ರೂ ಆದ್ರೆ ನಿನ್ನ ಕೈಯಾರೆ ಆಯ್ತು ಅಂತ ತಿಳ್ಕೊ" ಎಂದರು. ತಿಳಿದುಕೊಂಡೇ ಮಾಡಿದ್ದು. ಪಕ್ಕದ ಮನೆಯ ಆದಿಲಕ್ಷ್ಮಮ್ಮ ಸಕ್ಕರೆ ಕೇಳುವ ನೆಪದಲ್ಲಿ ಬಂದು ಮಗುವನ್ನು ಇಣುಕಿ ನೋಡಿ, ನನ್ನನ್ನೂ ಇಣುಕಿ ನೋಡಿ ಹೋದರು. ಲೋಟ ಮರೆತು ಹೋಗಿದ್ದಾರೆ. ಅಸಹ್ಯದ ಜನ.

ಡಿಸೆಂಬರ್ ೨

ಹಾಲು ಕುಡಿಯಲಿಲ್ಲ. ಊರು ಏನಾದರೂ ಹೇಳಿಕೊಳ್ಳಲಿ. ಸ್ವಾಮಿ, ಬೇಕಾದರೆ ನನ್ನ ಕೈ ತಗೋ.

ಡಿಸೆಂಬರ್ ೫

ಬೆಳಿಗ್ಗೆ ಹಿತ್ತಿಲಿನಲ್ಲಿದ್ದೆ. ಒಳಗಿನಿಂದ, "ಅಲಮೇಲೂ, ದೋಸೆ" ಎಂದು ಕೇಳಿಸಿತು. ನೀರಿನ ಕೊಡ ಕೈಯಿಂದ ಜಾರಿ ಸೊಟ್ಟಗಾಯಿತು. ಮೈ ತಣ್ಣಗಿದೆ. ಬ್ಯಾಂಡೇಜಿನ ಒಳಗಿನಿಂದ ದೊಡ್ಡವರ ಹಾಗೆ ನೋಡುತ್ತಾಳೆ.

ದೋಸೆ ಹಿಟ್ಟಿರಲಿಲ್ಲ. ಆದಿಲಕ್ಷ್ಮಮ್ಮನ ಮನೆಗೆ ಅವರ ಲೋಟವನ್ನೇ ತೆಗೆದುಕೊಂಡು ಹೋಗಿ ಹಿಟ್ಟು ಕೇಳಿ ತಂದೆ.

ಡಿಸೆಂಬರ್ ೧೪

ಚೆಂಚುವಿಗೆ ಮೂರು ತುಂಬಿತು. ಕುರು ಒಣಗಿ ಹಕ್ಕಳೆ ಕಟ್ಟಿದೆ. ಅಲ್ಲಲ್ಲಿ ಹೊಸ ಕೂದಲು ಚುಚ್ಚುತ್ತದೆ. ತಲೆ ಮಡಕೆಯ ಹಾಗಿದೆ, ಕಿವಿ ಎರಡು ಕಡೆಗೂ ನಿಂತಿವೆ, ಚೆಂದವೇನಿಲ್ಲ. ಬೀದಿಯವರು ಚೆಂದವಿಲ್ಲ ಎಂದರೆ ಮಾತ್ರ ನನಗೆ ಆಗುವುದಿಲ್ಲ.

ಅತ್ತೆ ಸ್ನಾನ ಮಾಡಿ ಬಂದು, ನನ್ನನ್ನು ಕೇಳದೆ ನಾನು ಸೆರಗಿನ ತುದಿಯನ್ನೇ ಹರಿದು ಮೊಳೆಗೆ ನೇತುಹಾಕಿದ್ದ ಆ ಕೂದಲಿನ ಗಂಟನ್ನು ಇಳಿಸಿದರು. ಮುಡಿಪಿನ ಅರಿಸಿನ ಬಟ್ಟೆ ಬಿಚ್ಚಿ, ರೂಪಾಯಿಯ ಜೊತೆಗೆ ಕೂದಲನ್ನೂ, ಡಬ್ಬಿಯಲ್ಲಿ ಆಯ್ದಿಟ್ಟಿದ್ದ ಎಳೆಗಳನ್ನೂ ಇಟ್ಟು ಮತ್ತೆ ಕಟ್ಟಿದರು. ಆಮೇಲೆ ಅಡುಗೆಮನೆಗೆ ಬಂದು ಎಲೆ ಹಾಕಿಕೊಂಡು ಕೂತರು. ಬಡಿಸಿದೆ. ಸಾರಿಗೆ ಉಪ್ಪು ಜಾಸ್ತಿ ಎಂದರು.

ಫೆಬ್ರವರಿ ೧೦, ೧೯೫೭

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಈ ಪುಸ್ತಕದಲ್ಲಿ ಹಾಳೆಗಳು ಇನ್ನೂ ಉಳಿದಿವೆ, ಬೈಗುಳ ಯಾಕೋ ಕಡಿಮೆಯಾಗಿದೆ. ಒಂದು ಮಾತ್ರ ಬರೆಯಬೇಕು. ಚೆಂಚು ಈಗ ಅಜ್ಜಿಯ ಪಕ್ಕದಲ್ಲಿ ಮಲಗುವುದು ಕಲಿತಿದ್ದಾಳೆ. ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಚಳಿ ಇರಬೇಕು.

ಇವತ್ತು ನಮ್ಮವರು ಕಚೇರಿಯಿಂದ ಬರುವಾಗಲೇ ಕಂಕುಳಲ್ಲಿ ಕಂದು ಕಾಗದದ ಸುರುಳಿ. ಪುಲಿಕೊಂಡದ ರಸ್ತೆಗೆ ಹೊಸ ಮೋರಿ ಹಾಕಿದ್ದಾರಂತೆ, ಬೆಟ್ಟಕ್ಕೂ ಮೆಟ್ಟಿಲು ಕಡಿದಿದ್ದಾರಂತೆ. ಮುಡಿಪು ಒಪ್ಪಿಸಿ ಬರಬೇಕು. ಸೋದರಮಾವನಿಗೆ ಹೇಳಿಕಳಿಸೋಣವೇ ಎಂದು ಕೇಳಿದರು. "ಬೂಟಿಗೆ ಕೆಸರಾಗತ್ತೆ, ಬೇಡ" ಎಂದು ಅತ್ತೆಯೇ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅತ್ತೆ ದೇವರ ಗೂಡಿನಿಂದ ಅರಿಸಿನದ ಗಂಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. "ಮುಡಿ ತಾಯಿ ಮಡಿಲಲ್ಲೇ ಹೋಗ್ಬೇಕು ಕಣೇ. ನಮ್ಮ ಮನೆ ಪದ್ಧತಿ ಅದು" ಎಂದರು.

"ಅವರು ತೀರಿಕೊಂಡಾಯ್ತಲ್ಲ ಅತ್ತೆ, ಈಗ ಹೇಗೆ?" ಎಂದೆ. ನಿಜಕ್ಕೂ ಚಿಂತೆಯಾಯಿತು. ಇನ್ನೊಂದು ಪದ್ಧತಿ ಅಡ್ಡ ಬಂತಲ್ಲ ಎಂದು.

ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಬುದ್ಧಿ ಇದೆಯೇನೆ ನಿಂಗೆ? ಅದಕ್ಕೇ ತಾನೇ ಕೇಳ್ತಿರೋದು. ನಾಡಿದ್ದು ಹೊರಡೋಕೆ ಆಗತ್ತಾ ಇಲ್ವಾ ನಿಂಗೆ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ನಮ್ಮವರ ಮೇಲೆ ರೇಗಿದೆ. "ಆ ಕಾಗದ ಗೋಡೆಗೆ ಹೊಡೀಬೇಡಿ. ನೀವೇ ಮೊದ್ಲು ಹೋಗಿ, ಮೋರಿ ಮೇಲೆ ಕಾಲಿಟ್ಟು ನಡೆದು ನೋಡ್ಕೊಂಡು ಬನ್ನಿ. ನನ್ನ ಮಗೂನ ಹೊತ್ಕೊಂಡು ಆ ಕೊರಕಲಿಗೆ ಇನ್ನೊಂದು ಸಲ ಇಳಿಯೋಳು ನಾನಲ್ಲ" ಎಂದೆ.

ಅವರು ಕಾಗದ ಸುತ್ತಿಟ್ಟರು. ನಾಳೆ ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಹೋಗುತ್ತಾರಂತೆ. ದಾರಿಗೆ ಚಪಾತಿ ಮಾಡಿಕೊಡಬೇಕು.